ತಮಟೆ ಕೆಳಗಿಟ್ಟವರ ಚರಿತ್ರೆ

1

ನಮ್ಮೂರು ಕೋಲಾರ ಜಿಲ್ಲೆಯ ತೆಲುಗು ಗಡಿಗೆ ಅಂಟಿಕೊಂಡಿದೆ. ಮನೆಯಲ್ಲಿ ತೆಲುಗು, ಇಸ್ಕೂಲಿನಲ್ಲಿ ಕನ್ನಡ. ಕೇರಿಯ ಮೂವತ್ತು ಚಿಲ್ಲರೆ ಮನೆಗಳಲ್ಲಿ ಏಳೆಂಟು ಮನೆಯವರು ಭಾನುವಾರ 'ಪ್ರಾರ್ಥನೆ'ಗೆ ಹೋಗುವವರು. ನನ್ನ ತಾತ ತಮಟೆ ಬಡಿಯುತ್ತಿದ್ದವನು. ತಾತನ ತಮ್ಮ ತಮಟೆ ಬಿಟ್ಟವನು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮಾರಮ್ಮನ ಜಾತ್ರೆ ಬಂದರೆ ಗೋಡೆಯ ಈ ಕಡೆ ಸೋಗೆಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು, ಆ ಕಡೆ ಬಾಗಿಲು ಹಾಕಿಕೊಂಡು ಕೀರ್ತನೆ ಹೇಳುತ್ತಿದ್ದರು. ಅಜ್ಜಿ ಮಾತ್ರ ಗೋಡೆಯ ಕಡೆ ಕೈತೋರಿಸಿ, "ಅವ್ರು ಹಾಲಿನ ಪುಡಿಗೆ ಹೋದೋರು ಕಣಪ್ಪ" ಅನ್ನುತ್ತಿದ್ದಳು. ಅದೇ ಅಜ್ಜಿ ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ತಲೆ ಹತ್ತಿರ ಕೂತವರು ಆ ಮನೆಯವರೇ.

ಮೊನ್ನೆ ತರಗತಿಯಲ್ಲಿ ದಲಿತ ಚಳವಳಿಯ ಹಿನ್ನೆಲೆ ಹೇಳುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕ್ರಿಶ್ಚಿಯನ್ ಆದೋರೆಲ್ಲ ಅಕ್ಕಿಗೇ ಅಲ್ವಾ ಆದದ್ದು?" ಅಂದ. ಅವನು ನಮ್ಮ ಕೇರಿಯಂಥದ್ದೇ ಕೇರಿಯಿಂದ ಬಂದವನು. ಅಜ್ಜಿಯ ಮಾತನ್ನೇ ಪ್ಯಾಂಟು ಹಾಕಿಕೊಂಡವನ ಬಾಯಲ್ಲಿ ಕೇಳಿದ ಹಾಗಾಯಿತು. ಆ ದಿನ ನಾನು ಉತ್ತರ ಕೊಡಲಿಲ್ಲ, ಕೊಡಲು ನನಗೆ ಗೊತ್ತೂ ಇರಲಿಲ್ಲ. ಈ ಬರಹ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

'ಸಭೆ ನೆಡುವುದು' ಎಂಬ ಮಾತು ಕ್ರೈಸ್ತರಲ್ಲಿದೆ. ಒಂದು ಊರಿಗೆ ಹೋಗಿ, ನಾಲ್ಕು ಜನರನ್ನು ಕೂಡಿಸಿ, ಅವರು ತಮ್ಮ ಕಾಲ ಮೇಲೆ ನಿಲ್ಲುವ ಒಂದು ಕೂಟವಾಗುವ ತನಕ ಜೊತೆಗಿರುವುದು. ನೆಟ್ಟವರು ಯಾರು ಎಂಬ ಪ್ರಶ್ನೆಗೆ ಮೂರು ಸಿದ್ಧ ಉತ್ತರಗಳು ನಮ್ಮಲ್ಲಿವೆ. ಬಿಳಿಯ ಮಿಷನರಿ ನೆಟ್ಟ ಎನ್ನುವುದು ಮಿಷನ್ ಚರಿತ್ರೆ. ಅಕ್ಕಿಮೂಟೆ ನೆಟ್ಟಿತು ಎನ್ನುವುದು ಮೇಲ್ಜಾತಿಯ ಚರಿತ್ರೆ. ಮೂರನೆಯದು ನಮ್ಮದೇ ಸಂಘಟನೆಗಳ ಮೌನ. ಬೌದ್ಧರಾಗಲಿಲ್ಲವಲ್ಲ ಅಂತ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಮೂರರಲ್ಲೂ ಕಾಣೆಯಾಗಿರುವವನು ಒಬ್ಬನೇ, ಮಾದಿಗ. ಅವನು ಏನು ಯೋಚಿಸಿದ, ಯಾಕೆ ಹೋದ, ಹೋಗಿ ಏನು ಮಾಡಿದ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳುವುದಕ್ಕೆ ಒಂಗೋಲಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಲಿಲ್ಲ.

2

ಒಂಗೋಲು ಈಗಿನ ಆಂಧ್ರದ ಪ್ರಕಾಶಂ ಜಿಲ್ಲೆಯ ಮುಖ್ಯ ಪಟ್ಟಣ. ಅಮೆರಿಕದ ಬ್ಯಾಪ್ಟಿಸ್ಟರು ತೆಲುಗು ನಾಡಿಗೆ ಬಂದದ್ದು 1836ರಲ್ಲಿ, ಸ್ಯಾಮ್ಯುಯೆಲ್ ಡೇ ಎಂಬಾತನ ಜೊತೆ. 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ಆಮೇಲೆ ಇಪ್ಪತ್ತೈದು ವರ್ಷ ಬಂದ ಫಲ ಬೆರಳಲ್ಲಿ ಎಣಿಸುವಷ್ಟು. 1853ರಲ್ಲಿ ಅಮೆರಿಕದಲ್ಲಿ ಸಭೆ ಸೇರಿ ಈ ಮಿಷನ್ನನ್ನು ಮುಚ್ಚಿಬಿಡೋಣವೇ ಅಂತ ಚರ್ಚೆ ಮಾಡಿದರು. ಭೂಪಟದಲ್ಲಿ ಒಂದೇ ಒಂದು ಕೇಂದ್ರವಿದ್ದದ್ದರಿಂದ ಅದಕ್ಕೆ 'ಒಂಟಿ ನಕ್ಷತ್ರ' ಎಂಬ ಹೆಸರೇ ಬಿತ್ತು. ಮುಚ್ಚಲಿಲ್ಲ, ಅಷ್ಟೆ.

ಈ ಇಪ್ಪತ್ತೈದು ವರ್ಷದ ಬರಗಾಲವನ್ನು ಮಿಷನ್ ಪುಸ್ತಕಗಳು ನಂಬಿಕೆಯ ಪರೀಕ್ಷೆ ಎಂದು ವರ್ಣಿಸುತ್ತವೆ. ನನಗೆ ಕಾಣುವ ಕಾರಣ ಸರಳವಾದದ್ದು. ಅವರು ಮಾತಾಡುತ್ತಿದ್ದುದು ಯಾರ ಜೊತೆ? ಬಜಾರಿನಲ್ಲಿ ನಿಂತು ಕೇಳುವವರ ಜೊತೆ, ಸ್ಕೂಲಿಗೆ ಮಕ್ಕಳನ್ನು ಕಳಿಸುವ ಮನೆಗಳ ಜೊತೆ. ಮೇಲಿನವರು ಬಂದರೆ ಕೆಳಗಿನವರು ಹಿಂದೆ ಬರುತ್ತಾರೆ ಎಂಬ ಲೆಕ್ಕಾಚಾರ ಆ ಕಾಲದ ಬಹುಪಾಲು ಮಿಷನ್‌ಗಳಿಗಿತ್ತು. ಕರ್ನಾಟಕದಲ್ಲಿ ಬಾಸೆಲ್ ಮಿಷನ್ನಿನವರಿಗೂ ಇತ್ತು. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ನಿಜ. ಅರಿವು ಹಾಗೇ ಹರಿಯುತ್ತದೆ ಎಂದುಕೊಂಡದ್ದು ಅವರ ತಪ್ಪು. ಈ ತಪ್ಪನ್ನು ನಮ್ಮ ಎಡಪಂಥೀಯ ಗೆಳೆಯರೂ ಎಷ್ಟೋ ಕಾಲ ಮಾಡಿದ್ದಾರೆ, ಬೇರೆ ಮಾತು.

1866ರ ಸೆಪ್ಟೆಂಬರಿನಲ್ಲಿ ಜಾನ್ ಕ್ಲಫ್ ಎಂಬ ಮೂವತ್ತು ವರ್ಷದ ಪಾದ್ರಿ ಒಂಗೋಲಿಗೆ ಬಂದ. ಇವನು ಮೊದಲು ಅಮೆರಿಕದಲ್ಲಿ ಸರ್ವೇ ಕೆಲಸ ಮಾಡಿದವನು, ಚೈನು ಹಿಡಿದು ನೆಲ ಅಳೆದವನು. ಈ ವಿವರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬಂದವನು ಶಾಲೆ ತೆರೆದ, ಬ್ರಾಹ್ಮಣರ ಹುಡುಗರು ಬಂದರು. ಅಷ್ಟರಲ್ಲಿ ಮಾದಿಗರೂ ಬಾಗಿಲಿಗೆ ಬಂದರು. ಇವರನ್ನು ಸೇರಿಸಿಕೊಂಡರೆ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಅಂತ ದೊಡ್ಡವರು ಎಚ್ಚರಿಕೆ ಕೊಟ್ಟರು. ಗಂಡ ಹೆಂಡತಿ ಇಬ್ಬರೂ ಬೇರೆಬೇರೆ ಕೋಣೆಯಲ್ಲಿ ಬೈಬಲ್ ಬಿಚ್ಚಿದಾಗ, ದೇವರು ಲೋಕದ ಬಲಹೀನರನ್ನೂ ಕುಲಹೀನರನ್ನೂ ಆರಿಸಿಕೊಂಡ ಎಂಬ ಪೌಲನ ಒಂದೇ ಭಾಗ ಇಬ್ಬರಿಗೂ ಸಿಕ್ಕಿತಂತೆ. ಹಾಗಾಗಿ ಮಾದಿಗರನ್ನು ಸೇರಿಸಿಕೊಂಡರು, ಬ್ರಾಹ್ಮಣ ಹುಡುಗರು ಎದ್ದುಹೋದರು.

ಈ ಪ್ರಸಂಗವನ್ನು ಮಿಷನ್ ಲೇಖಕರು ಪವಾಡದಂತೆ ಹೇಳುತ್ತಾರೆ. ನಾನು ಓದುವುದು ಬೇರೆ ರೀತಿ. ಪುಟ ತಾನಾಗಿ ತೆರೆದಿರಬಹುದು, ಇಲ್ಲದಿರಬಹುದು. ಆದರೆ ಆ ಪುಟವನ್ನು ಹುಡುಕಲೇಬೇಕಾದ ಸಂಕಟಕ್ಕೆ ಅವರನ್ನು ತಳ್ಳಿದವರು ಬಾಗಿಲಲ್ಲಿ ನಿಂತ ಮಾದಿಗರು. ಬಾಗಿಲಿಗೆ ಅವರು ಬಾರದೇ ಇದ್ದರೆ ಕ್ಲಫ್‌ನ ಬೈಬಲ್ಲು ಅದೇ ಪುಟದಲ್ಲಿ ತೆರೆಯುತ್ತಿತ್ತೇ?

3

ಬಾಗಿಲಿಗೆ ಬಂದವರನ್ನು ಕರೆತಂದವನು ಎರ್ರಗುಂಟ್ಲ ಪೇರಯ್ಯ. ಒಂಗೋಲಿಗೆ ಸುಮಾರು 40 ಮೈಲಿ ದೂರದ ತಲ್ಲಕೊಂಡಪಾಡಿನ ಮಾದಿಗ. ಚರ್ಮದ ವ್ಯಾಪಾರಿ. ನನ್ನ ಪ್ರಕಾರ ಒಂಗೋಲಿನ ಸಭೆಯನ್ನು ನೆಟ್ಟವನು ಇವನೇ.

ಇವನ ವಿಷಯ ನಮಗೆ ಗೊತ್ತಾಗುವುದು ಕ್ಲಫ್‌ನ ಎರಡನೆಯ ಹೆಂಡತಿ ಎಮ್ಮಾ ರೌಷನ್‌ಬುಷ್ ಕ್ಲಫ್ 1899ರಲ್ಲಿ ಪ್ರಕಟಿಸಿದ 'ವೈಲ್ ಸೋಯಿಂಗ್ ಸ್ಯಾಂಡಲ್ಸ್' ಎಂಬ ಪುಸ್ತಕದಿಂದ. ಚಪ್ಪಲಿ ಹೊಲಿಯುತ್ತಾ ಮುದುಕರು ಹೇಳಿದ ಕಥೆಗಳನ್ನು ಆಕೆ ಬರೆದುಕೊಂಡಳು. ಪುಸ್ತಕದ ತಲೆಬರಹವೇ ನಮ್ಮನ್ನು ಒಂದು 'ಬುಡಕಟ್ಟು' ಎಂದು ಕರೆಯುತ್ತದೆ. ಓದುವವರು ಅಮೆರಿಕದ ದಾನಿಗಳು ಎಂಬುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಹಾಗಂತ ಎಸೆಯುವುದಕ್ಕೆ ಆಗುವುದಿಲ್ಲ. ಆ ಕಾಲದ ಮಾದಿಗರ ಮಾತು ಬೇರೆಲ್ಲೂ ಇಷ್ಟು ಉಳಿದಿಲ್ಲ. ದಲಿತ ವಿಮರ್ಶೆ ಕಲಿಯಬೇಕಾದ ವಿದ್ಯೆ ಇದೇ ಇರಬೇಕು. ಬೇರೆಯವರ ಪುಸ್ತಕದಲ್ಲಿ ಸಿಕ್ಕಿಹಾಕಿಕೊಂಡಿರುವ ನಮ್ಮ ಮುದುಕರ ದನಿಯನ್ನು, ಚರ್ಮದಿಂದ ಮಾಂಸ ಹೆರೆದ ಹಾಗೆ ಹುಷಾರಾಗಿ ಬಿಡಿಸಿಕೊಳ್ಳುವುದು.

ಬಿಡಿಸಿಕೊಂಡರೆ ಸಿಕ್ಕುವುದು ಇದು. ಕ್ರೈಸ್ತರ ಹೆಸರು ಕೇಳುವ ಎಷ್ಟೋ ವರ್ಷ ಮೊದಲೇ ಪೇರಯ್ಯ ಹುಡುಕುತ್ತಿದ್ದ. ಬಂಡಿಕಟ್ಲ ವೀರಮ್ಮ ಎಂಬ ಹೆಣ್ಣುಗುರುವಿನ ಹತ್ತಿರ ರಾಜಯೋಗ ಕಲಿತಿದ್ದ. ಉಸಿರು ಹಿಡಿಯುವುದು, ಕಣ್ಣು ಮುಚ್ಚಿ ಒಳಗಿನ ಬೆಳಕು ನೋಡುವುದು, ನಿರಾಕಾರನಾದ ಒಬ್ಬನೇ ದೇವರನ್ನು ನೆನೆಯುವುದು. ತೆಲುಗಿನ ಕೆಳಜಾತಿಗಳಲ್ಲಿ ಇದಕ್ಕೆ ದೊಡ್ಡ ಪರಂಪರೆಯಿತ್ತು. ಪೋತುಲೂರಿ ವೀರಬ್ರಹ್ಮಂ ಅವರ ಕಥೆಯಲ್ಲಿ ಕಕ್ಕಯ್ಯ ಎಂಬ ಮಾದಿಗ ಶಿಷ್ಯ ಬರುತ್ತಾನೆ. ನಮಗೂ ಒಬ್ಬ ಕಕ್ಕಯ್ಯ ಇದ್ದಾನಲ್ಲ, ಚರ್ಮ ಹದಮಾಡುತ್ತಿದ್ದ ಡೋಹರ ಕಕ್ಕಯ್ಯ. ಹೆಸರು ಒಂದೇ ಆಗಿರುವುದು ಆಕಸ್ಮಿಕ ಇರಬಹುದು. ತೊಗಲ ಮುಟ್ಟುವ ಕೈಗಳು ತತ್ವವನ್ನೂ ಮುಟ್ಟಿ ನೋಡಿದ್ದವು ಅನ್ನುವುದು ಮಾತ್ರ ಆಕಸ್ಮಿಕವಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. 1935ರಲ್ಲಿ ಅಂಬೇಡ್ಕರರು ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ ಮೇಲೆ ದೇಶದಲ್ಲೆಲ್ಲ ಮತಾಂತರದ ಚರ್ಚೆ ಎದ್ದಿತು. ಅದರ ಮರುವರ್ಷ ಜಾನ್ ಮಾಟ್ ಎಂಬ ಮಿಷನ್ ನಾಯಕನ ಜೊತೆ ಮಾತಾಡುವಾಗ ಗಾಂಧೀಜಿಯವರು, ನೀವು ಹಸುವಿಗೆ ಸುವಾರ್ತೆ ಸಾರುತ್ತೀರಾ, ಅಸ್ಪೃಶ್ಯರಲ್ಲಿ ಕೆಲವರ ತಿಳುವಳಿಕೆ ಅದಕ್ಕಿಂತ ಕಡಿಮೆ ಎಂಬರ್ಥದ ಪ್ರಶ್ನೆ ಹಾಕಿದರು. ಅದು ಅವರ 'ಹರಿಜನ' ಪತ್ರಿಕೆಯಲ್ಲೇ ಅಚ್ಚಾಗಿದೆ. ಅವರ ಉದ್ದೇಶ ಕರುಣೆಯದೇ ಇರಬಹುದು. ಆದರೆ ಆ ಮಾತಿಗೆ ಎಪ್ಪತ್ತು ವರ್ಷ ಮೊದಲೇ ಪೇರಯ್ಯ ಉತ್ತರ ಕೊಟ್ಟಾಗಿತ್ತು. ಗುರುವಿನಿಂದ ಗುರುವಿಗೆ, ಒಂದು ದರ್ಶನದಿಂದ ಇನ್ನೊಂದಕ್ಕೆ ತೂಗಿ ನೋಡುತ್ತಾ ನಡೆದವನಿಗೆ ಬುದ್ಧಿ ಇರಲಿಲ್ಲ ಅನ್ನುವವರು ಯಾರ ಬುದ್ಧಿಯ ಬಗ್ಗೆ ಮಾತಾಡುತ್ತಿದ್ದಾರೆ?

ಪೇರಯ್ಯ ವ್ಯಾಪಾರಕ್ಕೆಂದು ಉತ್ತರದ ಏಲೂರಿನ ಕಡೆ ಹೋದಾಗ ಅಲ್ಲಿನ ಪಾದ್ರಿ ಅಲೆಕ್ಸಾಂಡರ್ ಬೋಧಿಸುವುದನ್ನು ಕೇಳಿದ. ತನ್ನ ಸೀಮೆಗೆ ಹತ್ತಿರ ಇಂಥವರು ಯಾರಿದ್ದಾರೆಂದು ವಿಚಾರಿಸಿಕೊಂಡು ಹುಡುಕಿಕೊಂಡು ಹೋದ. 1866ರಲ್ಲಿ, ಕ್ಲಫ್ ಒಂಗೋಲಿಗೆ ಬರುವ ಮುಂಚೆಯೇ, ನೆಲ್ಲೂರಿನ ಪಾದ್ರಿ ಜೂಯೆಟ್‌ನಿಂದ ಪೇರಯ್ಯ ಮತ್ತು ಅವನ ಹೆಂಡತಿ ನಾಗಮ್ಮ ದೀಕ್ಷಾಸ್ನಾನ ಪಡೆದರು. ಗಮನಿಸಿ, ಮಿಷನರಿ ಪೇರಯ್ಯನನ್ನು ಹುಡುಕಲಿಲ್ಲ, ಪೇರಯ್ಯ ಮಿಷನರಿಯನ್ನು ಹುಡುಕಿದ.

1867ರ ಜನವರಿ 1ರಂದು ಒಂಗೋಲಿನಲ್ಲಿ ಎಂಟು ಜನರ ಸಭೆ ಸ್ಥಾಪನೆಯಾಯಿತು. ಅದೇ ತಿಂಗಳು ಕ್ಲಫ್ ತಲ್ಲಕೊಂಡಪಾಡಿಗೆ ಹೋದಾಗ ತೋಪಿನಲ್ಲಿ ಜನ ಬುತ್ತಿ ಕಟ್ಟಿಕೊಂಡು ಬಂದು ಕಾಯುತ್ತಿದ್ದರು. ಪೇರಯ್ಯ ಅಷ್ಟು ಹೊತ್ತಿಗೆ ಸುತ್ತಿನ ಹಳ್ಳಿಗಳಲ್ಲಿ ಎಲ್ಲ ಹೇಳಿ ಮುಗಿಸಿದ್ದ. ಕೆಲವು ದಿನ ಕೂತು ಮಾತಾಡಿದ ಮೇಲೆ 28 ಮಂದಿ ದೀಕ್ಷೆ ಪಡೆದರು. ಕ್ಲಫ್ ಮಾಡಿದ್ದು ಸುಗ್ಗಿ. ಬಿತ್ತನೆ ಆಗಲೇ ಆಗಿತ್ತು.

ಅದು ಹರಡಿದ ದಾರಿಯೂ ನಮಗೆ ಪರಿಚಿತವಾದದ್ದೇ. ಚರ್ಮದ ವ್ಯಾಪಾರಕ್ಕೆ ಊರೂರು ತಿರುಗುವ ದಾರಿ, ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆಯ ದಾರಿ. ಒಬ್ಬ ಒಪ್ಪಿದರೆ ಅವನ ಬೀಗರ ಕೇರಿ ಕೇಳುತ್ತಿತ್ತು. ಬೋಧಕ ಹೋದ ಕೇರಿಯಲ್ಲಿ ಜನ ಗುರುವಿಗೆ ಇಕ್ಕುವ ಹಾಗೆ ಇಕ್ಕಿದರು, ಅವನು ಉಂಡು ಅಲ್ಲೇ ಜಗಲಿಯಲ್ಲಿ ಮಲಗಿದ. ಪಂಜಾಬಿನ ಕಡೆ ನೋಡಿದರೂ ಇದೇ ಕಥೆ. ಸಿಯಾಲ್‌ಕೋಟ್ ಸೀಮೆಯ ದಿತ್ತ ಎಂಬ ಚುಹ್ರಾ ಜಾತಿಯ ಕುಂಟ, ಅವನೂ ತೊಗಲಿನ ವ್ಯಾಪಾರಿ. 1873ರಲ್ಲಿ ದೀಕ್ಷೆ ಪಡೆದವನು ಮಿಷನ್ ಕಾಂಪೌಂಡಿನಲ್ಲಿ ಉಳಿಯಲು ಒಪ್ಪದೆ ಊರಿಗೇ ವಾಪಸ್ಸು ಹೋದ. ಎರಡು ತಿಂಗಳಿಗೆ ಹೆಂಡತಿ, ಮಗಳು, ನೆರೆಯವರನ್ನು ಕರೆದುಕೊಂಡು ಬಂದ. ಆಮೇಲೆ ಆ ಜಿಲ್ಲೆಯ ಅವನ ಜಾತಿಯೇ ಎದ್ದು ಬಂತು. ತಿರುವಾಂಕೂರಿನ ಮೈಲಾಡಿಯಲ್ಲಿ ಇನ್ನೂ ಮುಂಚೆ, ಚಿದಂಬರಕ್ಕೆ ಯಾತ್ರೆ ಹೋಗಿ ಅಲ್ಲಿ ಸಮಾಧಾನ ಸಿಗದೆ ತಂಜಾವೂರಿನಲ್ಲಿ ದೀಕ್ಷೆ ಪಡೆದು ಬಂದ ಮಹಾರಾಸನ್ ವೇದಮಾಣಿಕ್ಯಂ ಆದ. ಅವನು ಕರೆದ ಮೇಲೆಯೇ 1806ರಲ್ಲಿ ರಿಂಗಲ್‌ಟೌಬೆ ಎಂಬ ಜರ್ಮನ್ ಪಾದ್ರಿ ಆ ಕಡೆ ಬಂದದ್ದು. ಮೂರು ಸೀಮೆ, ಮೂರು ಭಾಷೆ. ಮೂರು ಕಡೆಯೂ ಮೊದಲು ಎದ್ದವನು ಕೇರಿಯವನು.

4

ಯಾಕೆ ಎದ್ದರು? ಇಲ್ಲಿ ಒಂಗೋಲಿನ ಸಭೆ ತನ್ನ ಹೊಸ ಸದಸ್ಯರಿಗೆ ಹಾಕಿದ ಮೂರು ಕಟ್ಟಳೆಗಳನ್ನು ನೋಡಬೇಕು. ಭಾನುವಾರ ಕೆಲಸ ಮಾಡಬಾರದು. ಸತ್ತ ದನದ ಮಾಂಸ ತಿನ್ನಬಾರದು. ವಿಗ್ರಹ ಪೂಜಿಸಬಾರದು.

ಮೇಲುನೋಟಕ್ಕೆ ಇದು ಮಡಿ ಕಲಿಸುವ ಪಾಠದ ಹಾಗಿದೆ. ಪಾದ್ರಿಯ ಮನಸ್ಸಿನಲ್ಲಿ ಅಷ್ಟೇ ಇದ್ದಿರಲೂಬಹುದು. ಕೇರಿಗೆ ತಂದು ಇಡಿ, ಬೇರೆಯದೇ ಆಗುತ್ತದೆ.

ಆ ಕಾಲದ ತೆಲುಗು ಹಳ್ಳಿಯಲ್ಲಿ ಮಾದಿಗ ವೆಟ್ಟಿಯವನು. ಊರ ರೆಡ್ಡಿಗಳಿಗೆ, ಕಮ್ಮರಿಗೆ ಚಪ್ಪಲಿ ಹೊಲಿಯಬೇಕು, ಕಪಿಲೆ ಬಾವಿಯ ತೊಗಲು ಚೀಲ ಹೊಲಿಯಬೇಕು, ನೊಗದ ಮಿಣಿ ಮಾಡಿಕೊಡಬೇಕು, ಸತ್ತ ದನ ಎಳೆಯಬೇಕು, ಹಬ್ಬಕ್ಕೆ ಸಾವಿಗೆ ಡಪ್ಪು ಬಡಿಯಬೇಕು. ಕರೆದಾಗ ಹೋಗಬೇಕು. ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು ಮಡಿಲಿಗೆ ಹಾಕಿಸಿಕೊಳ್ಳಬೇಕು. ಅವನಿಗೆ ವಾರ ಅಂತ ಇರಲಿಲ್ಲ. ವಾರಕ್ಕೆ ಒಂದು ದಿನ 'ನಾನು ಬರೋದಿಲ್ಲ' ಅನ್ನುವುದು ನಮ್ಮ ನೌಕರರಿಗೆ ರಜೆ, ವೆಟ್ಟಿಯವನಿಗೆ ಅದು ಮುಷ್ಕರ. ಸತ್ತ ದನ ತಿನ್ನುವುದಿಲ್ಲ ಎಂದರೆ ಎಳೆಯುವುದೂ ಕೂಲಿಯ ಪ್ರಶ್ನೆಯಾಗುತ್ತದೆ. ವಿಗ್ರಹ ಬೇಡ ಎಂದರೆ ಊರಮ್ಮನ ಮುಂದೆ ಡಪ್ಪು ಬಡಿಯುವವನಿಲ್ಲ, ಜಾತ್ರೆ ನಿಲ್ಲುತ್ತದೆ. ಮೂರು ಬೇಡಗಳು ಸೇರಿ ಊರಿನ ಚಾಕರಿಯ ಮೂರು ಕೀಲುಗಳನ್ನು ಕಳಚಿದವು.

ಊರಿನವರಿಗೆ ಇದು ಪಾದ್ರಿಗಿಂತ ಬೇಗ ಅರ್ಥವಾಯಿತು. ಯೇಸುವಿನ ಮೇಲೆ ಅವರಿಗೇನೂ ಸಿಟ್ಟಿರಲಿಲ್ಲ. ದೇವರ ಪಟ್ಟಿಗೆ ಇನ್ನೊಬ್ಬನನ್ನು ಸೇರಿಸುವುದು ಹಳ್ಳಿಗೆ ಕಷ್ಟವೇ? ಡಪ್ಪಿನ ಸದ್ದು ನಿಂತಾಗ ಸಿಟ್ಟು ಬಂತು. ಬಾವಿ ಮುಚ್ಚಿದರು, ಸುಗ್ಗಿಯ ಕಾಳು ತಡೆದರು, ಸುಳ್ಳು ಕೇಸು ಹಾಕಿದರು, ಹೊಡೆದರು. ಇಷ್ಟೆಲ್ಲ ಆದ ಮೇಲೂ ಬರುವವರು ಬಂದರು. 1870ರ ದಶಕದ ಬರಕ್ಕೆ ಮೊದಲೇ ಒಂಗೋಲಿನ ಸಭೆ ಮೂರು ಸಾವಿರ ದಾಟಿತ್ತು. ಆಗಿನ್ನೂ ಯಾವ ಅಕ್ಕಿಯೂ ಬಂದಿರಲಿಲ್ಲ. ಇದ್ದ ಕಾಳನ್ನು ಕಳೆದುಕೊಳ್ಳುವುದಕ್ಕೆ ತಯಾರಾದವರೇ ಬಂದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

5

ಉಳಿದರ್ಧ ಬರದಲ್ಲಿದೆ. 1876ರಿಂದ 78ರವರೆಗಿನ ಆ ಬರವನ್ನು ನಮ್ಮ ಕಡೆ ಧಾತು ಈಶ್ವರದ ಬರ ಅನ್ನುತ್ತಾರೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು ಎಂದರೆ ಅದರ ಅಳತೆ ಸಿಕ್ಕೀತು. ಸರ್ಕಾರದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನವಿಡೀ ಮಣ್ಣು ಹೊರುವವನಿಗೆ ಒಂದು ಪೌಂಡು ಧಾನ್ಯ ಸಾಕು ಎಂದು ಲೆಕ್ಕ ಹಾಕಿದ್ದ ಕಾಲ.

ಪರಿಹಾರ ಕಾಮಗಾರಿಯಲ್ಲೂ ಮೇಸ್ತ್ರಿಗಳು ಮೇಲ್ಜಾತಿಯವರೇ. ಮಾದಿಗರನ್ನು ದೂರ ಇಟ್ಟು, ಕೂಲಿ ಮುರಿದು, ಹೊಡೆದು ಓಡಿಸುವುದು ನಡೆಯಿತು. ಆಗ ಮದರಾಸಿನಿಂದ ಕರಾವಳಿಯುದ್ದಕ್ಕೂ ಬಕಿಂಗ್‌ಹ್ಯಾಂ ಕಾಲುವೆ ತೋಡುತ್ತಿದ್ದರು. ಕ್ಲಫ್ ಅದರಲ್ಲಿ ಮೂರೂವರೆ ಮೈಲಿ ಕಾಲುವೆಯ ಗುತ್ತಿಗೆ ಹಿಡಿದ. ಅವನ ಸರ್ವೇ ವಿದ್ಯೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಮಾದಿಗ ಬೋಧಕರೇ ಮೇಸ್ತ್ರಿಗಳಾದರು. ಕೂಲಿಯನ್ನು ಮಾದಿಗನ ಕೈಗೆ ಮಾದಿಗನೇ ಎಣಿಸಿ ಕೊಟ್ಟ. ಹಗಲು ಮಣ್ಣು ಅಗೆದು ದಣಿದು ಕೂತಾಗ ಬೋಧಕರು ಅದೂ ಇದೂ ಮಾತಾಡಿದರು. ಬೇರೆಬೇರೆ ತಾಲ್ಲೂಕಿನ ಕೇರಿಗಳವರು ಒಂದೇ ಕಾಲುವೆಯ ದಂಡೆಯ ಮೇಲೆ ಮೊದಲ ಸಲ ಒಟ್ಟಿಗೆ ಉಂಡರು.

ಈಗ ಅಕ್ಕಿಯ ಮಾತು. ಅಕ್ಕಿಗಾಗಿ ಬರುವವರು ಬೇಡ ಎಂದು ಕ್ಲಫ್ ಪರಿಹಾರ ನಡೆಯುತ್ತಿದ್ದಷ್ಟು ಕಾಲವೂ, ಒಂದು ವರ್ಷಕ್ಕೂ ಹೆಚ್ಚು, ಯಾರಿಗೂ ದೀಕ್ಷೆ ಕೊಡಲಿಲ್ಲ. ಕಾಮಗಾರಿ ಮುಗಿಯಿತು, ಹಣ ನಿಂತಿತು, ಎಲ್ಲ ಊರಿಗೆ ಹೋಗಿ ಎಂದ. ಹೋದವರು ತಿರುಗಿ ಬಂದರು, ನಮಗೆ ಕಾಸು ಬೇಡ ದೀಕ್ಷೆ ಕೊಡಿ ಎಂದು ಹಟ ಹಿಡಿದರು. 1878ರ ಜುಲೈ 2ರಂದು ಗುಂಡ್ಲಕಮ್ಮ ನದಿಯಲ್ಲಿ ವೆಲ್ಲಂಪಲ್ಲಿಯ ಹತ್ತಿರ 614 ಮಂದಿ ಮುಳುಗಿ ಎದ್ದರು. ಮರುದಿನ 2,222 ಮಂದಿ. ಅದರ ಮರುದಿನ 700. ಇಬ್ಬಿಬ್ಬರಂತೆ ನೀರಿಗಿಳಿದು ದೀಕ್ಷೆ ಕೊಟ್ಟವರು ಆರು ಜನ ದೇಸೀ ಬೋಧಕರು. ಕ್ಲಫ್ ದಡದಲ್ಲಿದ್ದ. ಆ ವರ್ಷ ಮುಗಿಯುವ ಹೊತ್ತಿಗೆ 9,606 ಮಂದಿ ದೀಕ್ಷೆ ಪಡೆದಿದ್ದರು.

ಅಮೆರಿಕಕ್ಕೆ ಹೋದದ್ದು ಈ 2,222 ಎಂಬ ಅಂಕಿ. ಅಲ್ಲಿ ಅದು ಹಬ್ಬವಾಯಿತು, ಚಂದಾ ಬಂತು. ಅಂಕಿಗಳನ್ನು ಹೀಗೆ ಮೆರೆಸುವುದರ ಬಗ್ಗೆ ನನಗೆ ಅನುಮಾನವಿದೆ. ಆ ಎಣಿಕೆಯಲ್ಲಿ ಒಬ್ಬೊಬ್ಬನ ಹೆಸರೂ ಕರಗಿಹೋಗಿದೆ. ಹಾಗಿದ್ದೂ ಒಂದನ್ನು ಮರೆಯಬಾರದು. ಹಸಿವಿನಿಂದ ಬಂದವರು ಯಾರೂ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಇದ್ದಿರಬೇಕು. ಹಸಿದವನು ತನ್ನ ಕೈಗೆ ಮರ್ಯಾದೆಯಿಂದ ಕೂಲಿ ಎಣಿಸಿದವನ ಕಡೆ ಹೋಗುವುದು ಅಪರಾಧವೇ? ಬ್ರಾಹ್ಮಣ ಸಂಬಳಕ್ಕೆ ಇಂಗ್ಲಿಷ್ ಕಲಿತರೆ ನವೋದಯ, ಮಾದಿಗ ಗಂಜಿಗೆ ಯೇಸುವನ್ನು ಕಲಿತರೆ ಆಮಿಷ. ಈ ತಕ್ಕಡಿಯನ್ನು ನಾವೂ ಯಾಕೆ ಹಿಡಿಯಬೇಕು?

6

ಇಷ್ಟಕ್ಕೇ ನಿಲ್ಲಿಸಿದರೆ ನಾನೂ ಮಿಷನ್ ಚರಿತ್ರೆಯ ದಲಿತ ಆವೃತ್ತಿ ಬರೆದಂತಾಗುತ್ತದೆ. ನಷ್ಟದ ಲೆಕ್ಕವೂ ಆಗಬೇಕು.

ಮೊದಲನೆಯದು, ಸಭೆ ಕೇರಿಯದಾಗಿದ್ದರೂ ಬೀಗದ ಕೈ ಮಿಷನ್ನಿನ ಹತ್ತಿರ ಉಳಿಯಿತು. ಗುರುವಿನ ಹಾಗೆ ಕೇರಿಯ ಅನ್ನ ಉಂಡು ತಿರುಗುತ್ತಿದ್ದ ಬೋಧಕ ಬರಬರುತ್ತಾ ಸಂಬಳದ ನೌಕರನಾದ. ರಿಜಿಸ್ಟರು, ಕಮಿಟಿ, ಕಾಂಪೌಂಡು ಬಂದವು. ಕ್ಲಫ್‌ನಿಗೇ ಇದು ಚುಚ್ಚಿತ್ತು. 1910ರಲ್ಲಿ ಅವನು ತೀರಿಕೊಂಡ ಮೇಲೆ 1914ರಲ್ಲಿ ಹೊರಬಂದ ಅವನ ಆತ್ಮಕಥನದಲ್ಲಿ, ಜನರ ಹಳೆಯ ಕಟ್ಟುಗಳನ್ನೇ ಬಳಸಿಕೊಂಡು ನಡೆಯಬೇಕಿದ್ದ ಸಭೆಗೆ ಪಶ್ಚಿಮದ ಅಂಗಿ ತೊಡಿಸಬೇಕಾಯಿತಲ್ಲ ಎಂಬ ಕೊರಗಿದೆ.

ಎರಡನೆಯದು, ಜಾತಿ. ಒಂಗೋಲಿನ ಬ್ಯಾಪ್ಟಿಸ್ಟ್ ಸಭೆ ಬಹುಪಾಲು ಮಾದಿಗರದು. ತೆಲುಗು ನಾಡಿನ ಬೇರೆ ಕೆಲವು ಮಿಷನ್‌ಗಳು ಬಹುಪಾಲು ಮಾಲರವು. ನೆಂಟಸ್ತಿಕೆಯ ದಾರಿಯಲ್ಲಿ ಹರಡಿದ್ದು ನೆಂಟಸ್ತಿಕೆಯ ಗಡಿಯಲ್ಲೇ ನಿಂತಿತು. ಕೆಳಗಿನ ಎರಡು ಕೇರಿಗಳ ನಡುವಿನ ಬೇಲಿಯನ್ನು ಚರ್ಚು ಕೀಳಲಿಲ್ಲ, ಎಷ್ಟೋ ಕಡೆ ಗೋಡೆ ಮಾಡಿತು.

ಮೂರನೆಯದನ್ನು ಅಂಬೇಡ್ಕರರು ಹೇಳಿದ್ದಾರೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1989ರಲ್ಲಿ, ಅಚ್ಚಾದ ಬರಹಗಳಲ್ಲಿ ಮತಾಂತರಗೊಂಡವನ ಸ್ಥಿತಿಯನ್ನು ಅವರು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ನಿನ್ನ ಕಷ್ಟಕ್ಕೆ ನಿನ್ನ ಪಾಪವೇ ಕಾರಣ ಎಂದು ಕಲಿತವನು ತನ್ನನ್ನು ತುಳಿಯುವ ವ್ಯವಸ್ಥೆಯ ಮೇಲೆ ಹೇಗೆ ತಿರುಗಿಬೀಳುತ್ತಾನೆ ಎಂಬುದು ಅವರ ಪ್ರಶ್ನೆ. 1870ರ ದಶಕದ ವೆಟ್ಟಿಯ ಮುಷ್ಕರ ನಂತರದ ತಲೆಮಾರಿನಲ್ಲಿ ಬರೀ ಭಾನುವಾರದ ಹಾಡಾದದ್ದನ್ನು ನೋಡಿದರೆ ಈ ಮಾತಿಗೆ ಎದುರಾಡುವುದು ಕಷ್ಟ.

ನಾಲ್ಕನೆಯದು ಡಪ್ಪು. ಚಾಕರಿಯ ಸಂಕೇತ ಎಂದು ಕೆಳಗಿಟ್ಟದ್ದು ಸರಿಯೇ. ಆದರೆ ಅದರ ಜೊತೆ ಕಥೆ ಹೋಯಿತು, ಕುಣಿತ ಹೋಯಿತು, ಜಾಂಬವನ ಪುರಾಣ ಹೋಯಿತು. ಡಿ.ಆರ್. ನಾಗರಾಜ್ 1993ರ 'ದ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ, ದಲಿತ ಚಳವಳಿ ತನ್ನ ಸಾಂಸ್ಕೃತಿಕ ನೆನಪುಗಳನ್ನೆಲ್ಲ ಅವಮಾನದ ನೆನಪು ಎಂದು ತಳ್ಳಿಹಾಕುವುದರ ಅಪಾಯವನ್ನು ಚರ್ಚಿಸಿದರು. ಅವರು ಆಧುನಿಕ ಚಳವಳಿಯನ್ನು ಕುರಿತು ಹೇಳಿದ್ದು ಈ ಸಭೆಗಳಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. ನಮ್ಮ ಚಿಕ್ಕತಾತ ಸಾಯುವ ಮುಂಚೆ ಹಾಸಿಗೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ಅದು ಕೀರ್ತನೆಯ ತಾಳವಾಗಿರಲಿಲ್ಲ.

ಐದನೆಯದು ರಾಜ್ಯ ಕೊಟ್ಟ ಪೆಟ್ಟು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಇಲ್ಲ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತ ಆದಿದ್ರಾವಿಡ, ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಕೊಡುವ ಗೂಡಂಗಡಿ ತನಗೂ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ. 1985ರಲ್ಲಿ ಅರ್ಜಿ ವಜಾ ಆಯಿತು. ಕೈಯಲ್ಲಿ ಅದೇ ಉಳಿ, ಅದೇ ತೊಗಲು, ದೇವರು ಮಾತ್ರ ಬೇರೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಕಟ್ಟು ಬಿಚ್ಚಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ಮತ್ತೊಂದು ಆಯೋಗ ನೇಮಿಸಿದರು. ಹೀಗಾಗಿ ನಮ್ಮ ಗೋಡೆಯಾಚೆಯ ಅಣ್ಣನಿಗೆ ಎರಡು ಹೆಸರು. ಒಂದು ದೇವರಿಗೆ, ಇನ್ನೊಂದು ತಾಲ್ಲೂಕು ಕಚೇರಿಗೆ.

7

ಆದರೂ ಊರಿನವರು ಈ ಆದೇಶಗಳನ್ನು ಓದಿರಲಿಲ್ಲ. ಸೂಸೈ ಅರ್ಜಿ ವಜಾ ಆದ ವರ್ಷವೇ, 1985ರ ಜುಲೈ 17ರಂದು, ಅದೇ ಪ್ರಕಾಶಂ ಜಿಲ್ಲೆಯ ಕಾರಂಚೇಡುವಿನಲ್ಲಿ ಕಮ್ಮ ಜಮೀನ್ದಾರರು ಮಾದಿಗರ ಕೇರಿಗೆ ನುಗ್ಗಿ ಆರು ಜನರನ್ನು ಕೊಂದರು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಜಗಳ ಶುರುವಾದದ್ದು ಕುಡಿಯುವ ನೀರಿನ ಕೆರೆಯನ್ನು ಗಲೀಜು ಮಾಡಿದ್ದನ್ನು ಪ್ರಶ್ನಿಸಿದ್ದಕ್ಕೆ. ಹೊಡೆಯಲು ಬಂದವರ ಎದುರು ಬಿಂದಿಗೆ ಎತ್ತಿದ ಹೆಣ್ಣುಮಗಳ ಹೆಸರು ಮುನ್ನಂಗಿ ಸುವಾರ್ತ. ಆ ಹೆಸರನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. 1878ರಲ್ಲಿ ನದಿಗಿಳಿದವರು ಹಾಡಿದ ಸುವಾರ್ತೆ ನೂರ ಏಳು ವರ್ಷ ಆದ ಮೇಲೆ ಒಬ್ಬ ಹೆಂಗಸಿನ ಹೆಸರಾಗಿ, ಕೈಯಲ್ಲಿ ಬಿಂದಿಗೆ ಹಿಡಿದು ನಿಂತಿತ್ತು. ಆ ವರ್ಷವೇ ಆಂಧ್ರದ ದಲಿತ ಮಹಾಸಭಾ ಹುಟ್ಟಿತು.

ಇನ್ನೂ ಒಂದಿದೆ. 1994ರ ಜುಲೈ 7ರಂದು ಅದೇ ಜಿಲ್ಲೆಯ ಈದುಮೂಡಿಯಲ್ಲಿ ಮಂದಕೃಷ್ಣ ಮಾದಿಗ ಮತ್ತು ಗೆಳೆಯರು ಒಳಮೀಸಲಾತಿಗಾಗಿ ಮಾದಿಗ ದಂಡೋರ ಕಟ್ಟಿದರು. ದಂಡೋರ ಎಂದರೆ ಡಂಗುರ. ಹೆಸರಿನ ಹಿಂದೆ ಜಾತಿಯ ಹೆಸರನ್ನು ತಾವಾಗಿ ಹಚ್ಚಿಕೊಂಡರು, ಡಪ್ಪು ಹೆಗಲಿಗೇರಿತು. ತಾತಂದಿರು ಚಾಕರಿಯ ಗುರುತೆಂದು ಕೆಳಗಿಟ್ಟದ್ದನ್ನು ಮೊಮ್ಮಕ್ಕಳು ಹಕ್ಕಿನ ಗುರುತೆಂದು ಎತ್ತಿಕೊಂಡರು. ಮೂವತ್ತು ವರ್ಷ ಬಡಿದ ಮೇಲೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಒಳವರ್ಗೀಕರಣ ಸಂವಿಧಾನಬದ್ಧ ಎಂದು ತೀರ್ಪು ಕೊಟ್ಟಿತು.

ಕೆಳಗಿಟ್ಟದ್ದೂ ಎತ್ತಿಕೊಂಡದ್ದೂ ಒಂದಕ್ಕೊಂದು ವಿರುದ್ಧ ಎಂದು ನನಗೆ ಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಕರೆದಾಗ ಬಡಿಯುವವನಿಗೆ ಡಪ್ಪು ತನ್ನದಲ್ಲ. ಬಡಿಯುವುದಿಲ್ಲ ಎಂದು ಒಮ್ಮೆ ಹೇಳಿದವನ ಮೊಮ್ಮಗನಿಗೆ ಮಾತ್ರ ತನಗೆ ಬೇಕಾದಾಗ ಬಡಿಯುವ ಸ್ವಾತಂತ್ರ್ಯ ಬರುತ್ತದೆ. ನನ್ನ ತಾತನ ಗೋಡೆಗೂ ಚಿಕ್ಕತಾತನ ಗೋಡೆಗೂ ನಡುವೆ ನಾನು ಕಂಡುಕೊಂಡ ಕಿಂಡಿ ಇದು.

8

ಇದರಲ್ಲಿ ನಮಗೇನಿದೆ? ಇಂದು ಸಂಘಟನೆ ಸೊರಗಿದೆ, ಹೊಸಬರು ಬರುತ್ತಿಲ್ಲ, ಹಳಬರಿಗೆ ಉತ್ಸಾಹವಿಲ್ಲ ಎಂಬ ದೂರು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಹೊಸ ಆಲೋಚನೆ ಬೇಕು ಎನ್ನುತ್ತಾರೆ. ನನಗಂತೂ ಹೊಸದು ಸಿಕ್ಕಿದ್ದು ಈ ಹಳೆಯದರಲ್ಲಿ.

ಪೇರಯ್ಯ ಭಾಷಣಕ್ಕೆ ಹೋಗಲಿಲ್ಲ, ವ್ಯಾಪಾರಕ್ಕೆ ಹೋಗುವ ದಾರಿಯಲ್ಲೇ ಮಾತಾಡಿದ. ದಿತ್ತ ಕಾಂಪೌಂಡಿನಲ್ಲಿ ಉಳಿಯಲಿಲ್ಲ, ತನ್ನನ್ನು ಬಯ್ಯುವ ನೆಂಟರ ಮಧ್ಯೆಯೇ ವಾಪಸ್ಸು ಹೋದ. ಬೋಧಕರು ಕೇರಿಯ ಗಂಜಿ ಉಂಡಷ್ಟು ಕಾಲ ಸಭೆ ಕೇರಿಯದಾಗಿತ್ತು, ಹೊರಗಿನ ಸಂಬಳ ಬಂದಾಗ ಹೊರಗಿನವರದಾಯಿತು. ಯೋಜನೆ ವರದಿಯ ಹಣಕ್ಕೆ ಕಾಯುವ ನಮ್ಮ ಸಂಸ್ಥೆಗಳು ಇದನ್ನು ಓದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಜನರ ಮುಂದಿಟ್ಟದ್ದು ಹತ್ತು ಪುಟದ ಪ್ರಣಾಳಿಕೆಯಲ್ಲ. ಮೂರೇ 'ಬೇಡ'ಗಳು. ಪ್ರತಿಯೊಂದೂ ಒಬ್ಬ ಅನಕ್ಷರಸ್ಥ ನಾಳೆಯಿಂದಲೇ ಮಾಡಿ ತೋರಿಸಬಹುದಾದದ್ದು, ಪ್ರತಿಯೊಂದಕ್ಕೂ ಅವನು ಬೆಲೆ ತೆರಬೇಕಾದದ್ದು. ಬೆಲೆ ತೆತ್ತದ್ದನ್ನು ಜನ ಬಿಡುವುದಿಲ್ಲ. ಎಪ್ಪತ್ತರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ಸಂಘರ್ಷ ಸಮಿತಿ ಕಟ್ಟಿದ್ದೂ ಹೀಗೆ ಊರೂರು ತಿರುಗಿ, ಹಾಡು ಹೇಳಿ. ಅಂದರೆ ನಮಗೂ ಒಂದು ಕಾಲದಲ್ಲಿ ನೆಡುವುದು ಗೊತ್ತಿತ್ತು.

ನಾನು ಭಾನುವಾರ ಪ್ರಾರ್ಥನೆಗೆ ಹೋಗುವವನಲ್ಲ. ಇದನ್ನು ಓದಿ ಯಾರೂ ಹೋಗಲಿ ಅಂತಲೂ ಬರೆದಿಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜಿಗೆ ಪೇರಯ್ಯನ ಕಥೆ ಹೇಳಿದೆ, ತೆಲುಗಿನಲ್ಲಿ. ಕಾಲುವೆಯ ತನಕ ಕೇಳಿದಳು. ಡಪ್ಪು ಬಡಿಯೋದಿಲ್ಲ ಅಂದದ್ದಕ್ಕೆ ಬಾವಿ ಮುಚ್ಚಿದರು ಅಂದಾಗ, "ನಮ್ಮೂರಲ್ಲೂ ಮುಚ್ಚಿದ್ರು" ಅಂದಳು. ಇಷ್ಟು ವರ್ಷ ಈ ಮಾತನ್ನು ಅವಳು ಹೇಳಿರಲಿಲ್ಲ. ಯಾವಾಗ, ಯಾರು ಅಂತ ಕೇಳಿದೆ. ಅಜ್ಜಿ ಗೋಡೆಯ ಕಡೆ ಕೈತೋರಿಸಿ, "ಅವರಿಗೆ. ಎರಡು ತಿಂಗಳು ನಾನೇ ಕದ್ದು ನೀರು ಕೊಟ್ಟಿದ್ದೆ" ಎಂದಳು.

ಆ ಹುಡುಗನಿಗೆ ಮುಂದಿನ ವಾರ ಇದನ್ನೂ ಹೇಳಬೇಕು.